ಉಂಡದ್ದು ಮೈಗೆ ಹತ್ತಬೇಕು



ಹೊಟ್ಟೆ ತುಂಬ ತಿಂದೂ ಪೋಷಣೆಯಿಲ್ಲದೆ ಸಾಯುವುದು ಸಾಧ್ಯವೇ? ಒಗಟಿನಂತೆ ಕಾಣುವ ಈ ಪ್ರಶ್ನೆಯನ್ನು ಈ ಸಲದ ಅಂಕಣಕ್ಕೆ ಆರಿಸಿಕೊಂಡಿದ್ದೇನೆ. ಇದಕ್ಕೆ ಉತ್ತರ "ಹೌದು" ಎಂದು. ಆ ಉತ್ತರವನ್ನು ನಮಗೆ ಕಲಿಸಿಕೊಟ್ಟದ್ದು ಸಾಸಿವೆ ಕಾಳಿಗಿಂತ ತುಸುವೇ ದೊಡ್ಡದಾದ ಒಂದು ಕಡಲ ಜೀವಿ. ಅದು ಎಂಟು ಕೈಗಳ ಆಕ್ಟೋಪಸ್ಸಿನ ಮರಿ.

"ಹಬ್ಬ ಹರಿದಿನ, ಉಪ್ಪಿನಕಾಯಿ, ಮನೆಮದ್ದು ಎಂದು ಬರೆಯುತ್ತಿದ್ದವರು ಇದ್ದಕ್ಕಿದ್ದಂತೆ ಸಮುದ್ರಕ್ಕೆ ಧುಮುಕಿದರಲ್ಲ!" ಎಂದು ನಿಮ್ಮ ತಾಯಂದಿರು ಹುಬ್ಬೇರಿಸಬಹುದು. ಆದರೆ ಮಕ್ಕಳಿಗೆ ಏನು ಉಣಿಸಬೇಕು, ಉಂಡದ್ದು ಹೇಗೆ ಅರಗುತ್ತದೆ, ಅರಗಿದ್ದು ಮೈಗೆ ಹತ್ತುತ್ತದೆಯೇ ಎಂಬುದಕ್ಕಿಂತ ಹತ್ತಿರದ ವಿಷಯ ಗೃಹಿಣಿಗೆ ಯಾವುದಿದೆ? ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಸ್ಪೇನ್, ಜಪಾನ್, ಮೆಕ್ಸಿಕೋ ದೇಶಗಳ ವಿಜ್ಞಾನಿಗಳು ದಶಕಗಳ ಕಾಲ ತಲೆ ಕೆಡಿಸಿಕೊಂಡಿದ್ದಾರೆ. ಅವರ ಪಾಡು ನೋಡಿದರೆ, ಊಟ ಮಾಡದ ಮಗುವಿನ ಹಿಂದೆ ಬಟ್ಟಲು ಹಿಡಿದು ಓಡುವ ಅಮ್ಮಂದಿರ ನೆನಪಾಗುತ್ತದೆ!

ಹೆಸರಿನ ಮಾತು

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು, ವಿಜ್ಞಾನಿಯಲ್ಲ. ಆದ್ದರಿಂದ ಹೆಸರಿನಿಂದಲೇ ಆರಂಭಿಸುತ್ತೇನೆ. 'ಆಕ್ಟೋಪಸ್' ಎಂಬುದು ಗ್ರೀಕ್ ಮೂಲದ ಮಾತು. ಎಂಟು ಪಾದಗಳುಳ್ಳದ್ದು ಎಂದು ಅರ್ಥ. ನಿಮ್ಮಲ್ಲಿ ಹಲವರು ಬಹುವಚನದಲ್ಲಿ 'ಆಕ್ಟೋಪೈ' ಎನ್ನುತ್ತೀರಿ. ಅದನ್ನು ಲ್ಯಾಟಿನ್ ಪದವೆಂದು ಭಾವಿಸಿ ಯಾರೋ ಹುಟ್ಟಿಸಿದ ರೂಪವದು. 'ಆಕ್ಟೋಪಸಸ್' ಎಂದರೆ ಸಾಕು. ಕನ್ನಡದಲ್ಲಿ ಇದನ್ನು 'ಅಷ್ಟಪದಿ' ಎಂದು ಬರೆಯುವುದುಂಟು. ಜಯದೇವ ಕವಿಯ ಗೀತಗೋವಿಂದದ ಹಾಡುಗಳಿಗೂ ಅದೇ ಹೆಸರು. ಸಂಗೀತ ಕಲಿಯುವವರು ಗಲಿಬಿಲಿಗೊಳ್ಳಬೇಡಿ!

ಮಂಗಳೂರು, ಉಡುಪಿ ಕಡೆಯ ಮನೆಗಳವರಿಗೆ ಬೊಂಡಾಸ್ ಚೆನ್ನಾಗಿ ಗೊತ್ತು. ಇಲ್ಲಿ ಮುಂಬಯಿಯ ಮೀನು ಮಾರುಕಟ್ಟೆಯಲ್ಲಿ ಅದನ್ನೇ ಮಾಕುಲ್ ಎನ್ನುತ್ತಾರೆ. ಆ ಬೊಂಡಾಸಿನ ದಾಯಾದಿಯೇ ಆಕ್ಟೋಪಸ್. ಬೆನ್ನುಮೂಳೆಯಿಲ್ಲದ ಪ್ರಾಣಿ. ಮೂರು ಹೃದಯ, ನೀಲಿ ರಕ್ತ, ಬೆಳೆದ ಮೇಲೆ ಸುಮಾರು 50 ಕೋಟಿ ನರಕೋಶಗಳು. ಇಷ್ಟೆಲ್ಲ ಇದ್ದರೂ ಆಯುಷ್ಯ ಮಾತ್ರ ಒಂದೆರಡು ವರ್ಷ. ಇದರಲ್ಲಿ ನೂರಾರು ಜಾತಿಗಳಿವೆ. ನಾನು ಮುಖ್ಯವಾಗಿ ಹೇಳಹೊರಟಿರುವುದು ಮೆಡಿಟರೇನಿಯನ್ ಸಮುದ್ರದಲ್ಲೂ ಅದಕ್ಕೆ ಹೊಂದಿದ ಅಟ್ಲಾಂಟಿಕ್ ತೀರದಲ್ಲೂ ಸಿಗುವ 'ಆಕ್ಟೋಪಸ್ ವಲ್ಗ್ಯಾರಿಸ್' ಎಂಬ ಸಾಮಾನ್ಯ ಆಕ್ಟೋಪಸ್ಸಿನ ಮರಿಗಳ ಬಗ್ಗೆ.

ತಾಯಿಯಿಲ್ಲದ ಲಕ್ಷ ಮಕ್ಕಳು

ಈ ತಾಯಿಯ ಕಥೆ ಕೇಳಿದರೆ ಕಣ್ಣು ತೇವವಾಗುತ್ತದೆ. ಬಂಡೆಯ ಬಿಲದೊಳಗೆ ಅವಳು ಒಂದು ಲಕ್ಷದಿಂದ ಐದು ಲಕ್ಷದವರೆಗೆ ಮೊಟ್ಟೆಗಳನ್ನಿಡುತ್ತಾಳೆ. ಮಲ್ಲಿಗೆಯ ಮಾಲೆಯಂತೆ ಗೊಂಚಲು ಗೊಂಚಲಾಗಿ ಅವು ತೂಗಾಡುತ್ತಿರುತ್ತವೆ. ನೀರಿನ ಬಿಸಿಯನ್ನು ಅನುಸರಿಸಿ ಮೊಟ್ಟೆಯೊಡೆಯಲು ಒಂದು ತಿಂಗಳಿಂದ ಹಲವು ತಿಂಗಳು ಬೇಕು. ಅಷ್ಟೂ ಕಾಲ ಅವಳು ಅಲ್ಲಿಂದ ಕದಲುವುದಿಲ್ಲ. ಮೊಟ್ಟೆಗಳ ಮೇಲೆ ಕೈಯಾಡಿಸಿ ಕೊಳೆ ತೆಗೆಯುತ್ತಾಳೆ, ಶುದ್ಧ ನೀರನ್ನು ಊದುತ್ತಾಳೆ. ಊಟ ಮಾತ್ರ ಬಿಟ್ಟುಬಿಡುತ್ತಾಳೆ. ಮರಿಗಳು ಹೊರಬರುವ ಹೊತ್ತಿಗೆ ಬಡಕಲಾಗಿ ಪ್ರಾಣ ಬಿಡುತ್ತಾಳೆ.

ಹೀಗಾಗಿ ಈ ಮಕ್ಕಳಿಗೆ ಬಾಣಂತನವಿಲ್ಲ, ತುತ್ತು ಕೊಡುವ ಕೈಯಿಲ್ಲ, "ಇದನ್ನು ತಿನ್ನು, ಅದನ್ನು ಬಿಡು" ಎನ್ನುವವರಿಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿ ಒಂದೇ, ಅದು ಹೊಟ್ಟೆಯೊಳಗೆ ಉಳಿದಿರುವ ಒಂದಿಷ್ಟು ಮೊಟ್ಟೆಯ ಹಳದಿ. ಕೆಲವೇ ದಿನಗಳಲ್ಲಿ ಅದು ಮುಗಿದುಹೋಗುತ್ತದೆ. ಅಷ್ಟರೊಳಗೆ ಮರಿ ಬೇಟೆ ಕಲಿತಿರಬೇಕು.

ಮರಿ ಎಂದರೆ ಎಷ್ಟು ದೊಡ್ಡದು? ಕೈಕಾಲೆಲ್ಲ ಸೇರಿ ಸುಮಾರು ಮೂರು ಮಿಲಿಮೀಟರ್. ತೂಕ ಒಂದೂವರೆ ಮಿಲಿಗ್ರಾಂ ಆಸುಪಾಸು. ಒಂದು ಗ್ರಾಂ ತೂಗಬೇಕಾದರೆ ಆರೇಳುನೂರು ಮರಿಗಳನ್ನು ತಕ್ಕಡಿಗೆ ಹಾಕಬೇಕು! ಒಂದೊಂದು ಕೈಯಲ್ಲೂ ಅಂಟಿ ಹಿಡಿಯುವ ಪುಟ್ಟ ಬಟ್ಟಲುಗಳು ಮೂರೇ ಮೂರು. ಈ ವಯಸ್ಸಿನ ಮರಿಗೆ ವಿಜ್ಞಾನಿಗಳು 'ಪ್ಯಾರಾಲಾರ್ವಾ' ಎನ್ನುತ್ತಾರೆ. ದೊಡ್ಡ ಆಕ್ಟೋಪಸ್ಸಿನಂತೆ ಅದು ಕಡಲ ತಳದಲ್ಲಿ ತೆವಳುವುದಿಲ್ಲ. ಮೇಲಿನ ನೀರಿನಲ್ಲಿ ತೇಲಾಡುತ್ತಾ ಒಂದೆರಡು ತಿಂಗಳು ಕಳೆಯುತ್ತದೆ. ಕೈಗೆ ಇಪ್ಪತ್ತಕ್ಕೂ ಹೆಚ್ಚು ಬಟ್ಟಲುಗಳು ಮೂಡಿದ ಮೇಲೆ ತಳಕ್ಕಿಳಿದು ಮನೆ ಹುಡುಕಿಕೊಳ್ಳುತ್ತದೆ. ಅದರ ಬದುಕಿನಲ್ಲಿ ತೀರ ಗಂಡಾಂತರದ ಕಾಲವೆಂದರೆ ಈ ಒಂದೆರಡು ತಿಂಗಳು. ಒಬ್ಬ ತಾಯಿಯ ಲಕ್ಷಾಂತರ ಮಕ್ಕಳಲ್ಲಿ ಸರಾಸರಿ ಇಬ್ಬರು ಬದುಕಿ ಸಂಸಾರ ಹೂಡಿದರೆ ಸಾಕು, ಕಡಲಿನಲ್ಲಿ ಆಕ್ಟೋಪಸ್ಸುಗಳ ಸಂಖ್ಯೆ ಇದ್ದಷ್ಟೇ ಇರುತ್ತದೆ. ಉಳಿದವರೆಲ್ಲ? ಬಹುಪಾಲು ಯಾರದೋ ಬಾಯಿಗೆ, ಇಲ್ಲವೆ ಹಸಿವಿಗೆ.

ಹೊರಗೇ ಅರೆದು ಒಳಗೆ ಕುಡಿಯುವ ಮಗು

ಈಗ ಈ ಮಗುವಿನ ಊಟದ ರೀತಿ ನೋಡಿ. ಅದಕ್ಕೆ ಅತ್ಯಂತ ಇಷ್ಟವಾದದ್ದು ಏಡಿ, ಸಿಗಡಿಗಳ ಎಳೆಮರಿಗಳು. ಅವೂ ಕಣ್ಣಿಗೆ ಕಾಣುವುದೇ ಕಷ್ಟ ಎಂಬಷ್ಟು ಚಿಕ್ಕವು, ಮೈಮೇಲೆ ಮುಳ್ಳು ಬೇರೆ. ಆಕ್ಟೋಪಸ್ ಮರಿ ದೊಡ್ಡ ಕಣ್ಣುಗಳಿಂದ ಗುರಿಯಿಟ್ಟು, ಸರಕ್ಕನೆ ಮುಂದೆ ನುಗ್ಗಿ, ಎಂಟೂ ಕೈಗಳಿಂದ ಬೇಟೆಯನ್ನು ತಬ್ಬಿಕೊಳ್ಳುತ್ತದೆ. ಬಳಿಕ ಗಿಳಿಯ ಕೊಕ್ಕಿನಂಥ ಬಾಯಿಂದ ಕಚ್ಚಿ ಜೊಲ್ಲನ್ನು ಒಳಗೆ ಬಿಡುತ್ತದೆ. ಆ ಜೊಲ್ಲಿನಲ್ಲಿ ಬೇಟೆಯನ್ನು ನಿಶ್ಚೇಷ್ಟಗೊಳಿಸುವ ವಿಷವೂ ಇದೆ, ಮಾಂಸವನ್ನು ಕರಗಿಸುವ ರಸಗಳೂ ಇವೆ. ಚಿಪ್ಪಿನೊಳಗಿನ ಮಾಂಸ ಪಾಯಸದಂತಾಗುತ್ತದೆ. ಮರಿ ಅದನ್ನು ಹೀರಿ, ಖಾಲಿ ಚಿಪ್ಪನ್ನು ಕೈಬಿಡುತ್ತದೆ. ಅಂದರೆ ಜೀರ್ಣಕ್ರಿಯೆಯ ಮೊದಲ ಹಂತ ನಡೆಯುವುದು ಹೊಟ್ಟೆಯ ಹೊರಗೆ. ಮಿಕ್ಸಿಯೂ ಅದರದೇ, ಒರಳೂ ಅದರದೇ!

ಹೀಗೆ ಹೀರಿ ಕುಡಿಯುವುದರಲ್ಲಿ ಇನ್ನೊಂದು ಅನುಕೂಲವಿದೆ. ಆಕ್ಟೋಪಸ್ಸಿನ ಅನ್ನನಾಳ ಹಾದುಹೋಗುವುದು ಅದರ ಮಿದುಳಿನ ಮಧ್ಯದಿಂದ. ದೊಡ್ಡ ತುತ್ತನ್ನು ಗಬಕ್ಕನೆ ನುಂಗುವ ಸ್ವಾತಂತ್ರ್ಯ ಅದಕ್ಕಿಲ್ಲ. ಸಣ್ಣ ಸಣ್ಣದಾಗಿ, ಮೆತ್ತಗೆ ಮಾಡಿಕೊಂಡೇ ಇಳಿಸಬೇಕು. ಗಡಿಬಿಡಿಯಲ್ಲಿ ನಿಂತುಕೊಂಡೇ ತಿಂದು ಲೋಕಲ್ ಟ್ರೈನ್ ಹಿಡಿಯುವವರಿಗೆ ಈ ವ್ಯವಸ್ಥೆ ಇರಬೇಕಿತ್ತು!

ಮುಂದೆ ಆಹಾರ ಜಠರಕ್ಕೆ ಬರುತ್ತದೆ. ಪಕ್ಕದಲ್ಲೇ ಇರುವ 'ಪಚನ ಗ್ರಂಥಿ' ಎಂಬ ದೊಡ್ಡ ಅಂಗದಿಂದ ರಸಗಳು ಹರಿದುಬರುತ್ತವೆ. ನಮ್ಮಲ್ಲಿ ಯಕೃತ್ತೂ ಮೇದೋಜೀರಕ ಗ್ರಂಥಿಯೂ ಬೇರೆ ಬೇರೆಯಾಗಿ ಮಾಡುವ ಕೆಲಸದ ಬಹುಪಾಲನ್ನು ಅಲ್ಲಿ ಈ ಒಂದೇ ಗ್ರಂಥಿ ನಿಭಾಯಿಸುತ್ತದೆ. ರಸ ಕೊಡುವುದೂ ಅದೇ, ಅರಗಿದ ಸಾರವನ್ನು ಹೀರಿಕೊಳ್ಳುವುದೂ ಅದೇ, ಮಿಕ್ಕಿದ್ದನ್ನು ಕೂಡಿಡುವುದೂ ಅದೇ. ಈ ಗ್ರಂಥಿಗೆ ಮುಖ್ಯವಾಗಿ ಒಗ್ಗಿರುವುದು ಪ್ರೋಟೀನ್. ಮಾಂಸದ ಪ್ರೋಟೀನನ್ನು ಆಕ್ಟೋಪಸ್ ಹೆಚ್ಚುಕಡಿಮೆ ಪೂರ್ತಿಯಾಗಿ ಅರಗಿಸಿಕೊಳ್ಳುತ್ತದೆ. ಜಿಡ್ಡನ್ನು ಮಾತ್ರ ಅಷ್ಟು ಚೆನ್ನಾಗಿ ಅರಗಿಸಿಕೊಳ್ಳಲಾರದು. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿ. ಮುಂದಿನ ಕಥೆಗೆ ಅದು ಬೇಕು.

ಡಬ್ಬಿಯ ಊಟ

ಈ ಮರಿಗಳನ್ನು ತೊಟ್ಟಿಯಲ್ಲಿ ಸಾಕಬೇಕು ಎಂದು ಹೊರಟವರಿಗೆ ಎದುರಾದ ಮೊದಲ ಪ್ರಶ್ನೆ ನಿಮಗೆ ಈಗ ಹೊಳೆದಿರಬಹುದು. ಏನು ತಿನ್ನಿಸುವುದು? 1963ರಲ್ಲಿ ಜಪಾನಿನ ಇಟಾಮಿ ಮತ್ತು ಸಂಗಡಿಗರು ಅಲ್ಲಿನ ಆಕ್ಟೋಪಸ್ ಮರಿಗಳಿಗೆ ಸಿಗಡಿಯ ಎಳೆಮರಿಗಳನ್ನು ಕೊಟ್ಟು, ಸುಮಾರು 25 ಡಿಗ್ರಿ ಬಿಸಿಯ ನೀರಿನಲ್ಲಿ, 33 ದಿನಗಳಲ್ಲಿ ತಳಕ್ಕಿಳಿಯುವ ಹಂತದವರೆಗೆ ಬೆಳೆಸಿ ತೋರಿಸಿದರು. 1995ರಲ್ಲಿ ಬಾರ್ಸಿಲೋನಾದ ರೋಜರ್ ವಿಲ್ಲಾನುಯೆವಾ ಏಡಿಮರಿಗಳನ್ನು ತಿನ್ನಿಸಿ ಅದೇ ಹಂತ ಮುಟ್ಟಿಸಿದರು. ಅಲ್ಲಿನ ನೀರು ತುಸು ತಂಪಾಗಿದ್ದುದರಿಂದ ಸುಮಾರು ಏಳು ವಾರ ಹಿಡಿಯಿತು. ಆದರೆ ಪ್ರತಿದಿನ ಜೀವಂತ ಏಡಿಮರಿಗಳನ್ನು, ಅದೂ ಲಕ್ಷಗಟ್ಟಲೆ, ಎಲ್ಲಿಂದ ತರುವುದು? ಮೊಟ್ಟೆ ಹೊತ್ತ ತಾಯಿ ಏಡಿಗಳನ್ನು ಹಿಡಿದು ಸಾಕಬೇಕು, ಅವು ಮರಿ ಹಾಕುವ ದಿನ ಕಾಯಬೇಕು. ಖರ್ಚೂ ಹೆಚ್ಚು, ಕಷ್ಟವೂ ಹೆಚ್ಚು.

ಆಗ ಸುಲಭದ ದಾರಿಯೊಂದು ಕೈಬೀಸಿ ಕರೆಯಿತು. ಆರ್ಟೀಮಿಯಾ ಎಂಬ ಚಿಕ್ಕ ಜೀವಿಯಿದೆ. ಉಪ್ಪುನೀರಿನ ಕೆರೆಗಳಲ್ಲಿ ಬೆಳೆಯುತ್ತದೆ. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಅದಕ್ಕೆ ಹೆಸರುವಾಸಿ. ಅದರ ಒಣಗಿದ ಮೊಟ್ಟೆಗಳನ್ನು ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಬೇಕೆಂದಾಗ ಉಪ್ಪುನೀರಿಗೆ ಹಾಕಿದರೆ ಒಂದೆರಡು ದಿನದಲ್ಲಿ ಮರಿಗಳು ಈಜತೊಡಗುತ್ತವೆ. ಲೋಕದಾದ್ಯಂತ ಮೀನುಮರಿ ಸಾಕುವವರಿಗೆಲ್ಲ ಇದೇ ಆಪದ್ಬಾಂಧವ. ನಮ್ಮ ಪೇಟೆಗಳಲ್ಲಿ ಬಣ್ಣದ ಮೀನು ಮಾರುವ ಅಂಗಡಿಗಳಲ್ಲೂ ಸಿಗುತ್ತದೆ. ನಿಮ್ಮ ಹಾಸ್ಟೆಲಿನ ಎರಡು ನಿಮಿಷದ ನೂಡಲ್ಸ್ ಇದ್ದ ಹಾಗೆ ಎನ್ನಿ!

ಆಕ್ಟೋಪಸ್ ಮರಿಗಳು ಆರ್ಟೀಮಿಯಾವನ್ನು ಬೇಡವೆನ್ನಲಿಲ್ಲ. ಚಕಚಕನೆ ಹಿಡಿದವು, ತಿಂದವು. ಚಿಕ್ಕದಕ್ಕಿಂತ ತುಸು ದೊಡ್ಡ ಆರ್ಟೀಮಿಯಾ ಇಷ್ಟ ಎಂದು ಆರಿಸಿಕೊಂಡೂ ತಿಂದವು. ಸಾಕಿದವರಿಗೆ ಸಂತೋಷವೋ ಸಂತೋಷ. ಆದರೆ ದಿನ ಕಳೆದಂತೆ ಮರಿಗಳ ಬೆಳವಣಿಗೆ ಕುಂಠಿತವಾಯಿತು. ಮತ್ತೆ ಕೆಲವು ದಿನಗಳಿಗೆ ಗುಂಪುಗುಂಪಾಗಿ ಸಾಯತೊಡಗಿದವು. ತಳಕ್ಕಿಳಿಯುವ ವಯಸ್ಸು ಮುಟ್ಟುವ ಮೊದಲೇ ತೊಟ್ಟಿ ಖಾಲಿ. ಆಹಾರಕ್ಕೆ ಕೊರತೆಯಿಲ್ಲ, ಬಾಯಿಗೆ ಕೊರತೆಯಿಲ್ಲ, ಆದರೂ ಮಕ್ಕಳು ಉಳಿಯಲಿಲ್ಲ.

2004ರಲ್ಲಿ ಸ್ಪೇನಿನ ವೀಗೋ ನಗರದ ಸಾಗರ ವಿಜ್ಞಾನ ಕೇಂದ್ರದ ಹೋಸೆ ಇಗ್ಲೇಸಿಯಸ್ ಮತ್ತು ಸಂಗಡಿಗರು ಮಹತ್ವದ ವರದಿಯೊಂದನ್ನು ಪ್ರಕಟಿಸಿದರು. ಅವರು ಆರ್ಟೀಮಿಯಾದ ಜೊತೆಗೆ ಜೇಡ ಏಡಿಯ ಎಳೆಮರಿಗಳನ್ನೂ ಸೇರಿಸಿ ಉಣಿಸಿದ್ದರು. 40ನೆಯ ದಿನಕ್ಕೆ ನೂರರಲ್ಲಿ 31.5ರಷ್ಟು ಮರಿಗಳು ಬದುಕಿದ್ದವು. ಅವುಗಳಲ್ಲಿ ಕೆಲವನ್ನು ಬೆಳೆಸಿ ದೊಡ್ಡವು ಮಾಡಿದರು, ಅವು ಮತ್ತೆ ಮೊಟ್ಟೆಯಿಟ್ಟವು. ಈ ಜಾತಿಯ ಆಕ್ಟೋಪಸ್ಸಿನ ಪೂರ್ತಿ ಜೀವನಚಕ್ರ ತೊಟ್ಟಿಯಲ್ಲಿ ಸುತ್ತಿ ಬಂದದ್ದು ಅದೇ ಮೊದಲು. ಅದೇ ಡಬ್ಬಿಯ ಊಟಕ್ಕೆ ಒಂದಿಷ್ಟು ಏಡಿಮರಿ ಸೇರಿದ್ದಕ್ಕೆ ಇಷ್ಟು ವ್ಯತ್ಯಾಸ!

ಏನು ಕಡಿಮೆಯಾಗಿತ್ತು?

ಗಮನಿಸಿ, ಇಲ್ಲೇ ಈ ವಿಷಯದ ತಿರುಳಿರುವುದು. ಆರ್ಟೀಮಿಯಾದಲ್ಲಿ ಸತ್ವವಿಲ್ಲವೆಂದಲ್ಲ, ಈ ಮಗುವಿಗೆ ಬೇಕಾದ ಸತ್ವ ಇಲ್ಲ.

ಮೊದಲನೆಯದು ಜಿಡ್ಡಿನ ಸಂಗತಿ. ಆಕ್ಟೋಪಸ್ ಮರಿಯ ಮೈಯಲ್ಲಿ ಒಟ್ಟು ಜಿಡ್ಡು ಕಡಿಮೆ. ಇರುವಷ್ಟೂ ವಿಶೇಷ ಬಗೆಯದು. ಜೀವಕೋಶದ ಪೊರೆ ಕಟ್ಟಲು ಬೇಕಾಗುವ ಫಾಸ್ಫೋಲಿಪಿಡ್ ಎಂಬ ಕೊಬ್ಬು, ಜೊತೆಗೆ ಡಿಎಚ್‌ಎ ಎಂಬ ಕೊಬ್ಬಿನ ಆಮ್ಲ. ಮಿದುಳು, ನರ, ಕಣ್ಣುಗಳು ರೂಪುಗೊಳ್ಳಲು ಈ ಡಿಎಚ್‌ಎ ಬೇಕೇ ಬೇಕು. ಹುಟ್ಟುವಾಗಲೇ ದೊಡ್ಡ ಕಣ್ಣು, ದೊಡ್ಡ ಮಿದುಳು ಹೊತ್ತು ಬರುವ ಈ ಮಗುವಿಗೆ ಅದು ಎಷ್ಟು ಅಗತ್ಯವೆಂದು ಬೇರೆ ಹೇಳಬೇಕೇ? ಏಡಿಮರಿಯಲ್ಲಿ ಇವೆರಡೂ ಧಾರಾಳ. ಆರ್ಟೀಮಿಯಾದಲ್ಲಿ ಡಿಎಚ್‌ಎ ಇಲ್ಲವೆನ್ನುವಷ್ಟು ಕಡಿಮೆ. ಬದಲಿಗೆ ಕೂಡಿಡುವ ಬಗೆಯ ಎಣ್ಣೆಯೇ ಹೆಚ್ಚು. ಆ ಎಣ್ಣೆ ಮರಿಯ ಪಚನ ಗ್ರಂಥಿಯಲ್ಲಿ ಹನಿಹನಿಯಾಗಿ ಶೇಖರವಾಗಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದಾರೆ. ಜಿಡ್ಡು ಅರಗಿಸುವುದು ಆಕ್ಟೋಪಸ್ಸಿಗೆ ಕಷ್ಟ ಎಂದು ಆಗಲೇ ಹೇಳಿದೆನಲ್ಲ, ಅದರ ಪರಿಣಾಮ ಇದು. ಬೇಡದ್ದು ಉಗ್ರಾಣದಲ್ಲಿ ಕೊಳೆಯುತ್ತಿದೆ, ಬೇಕಾದದ್ದು ಅಡುಗೆಮನೆಗೆ ಬಂದೇ ಇಲ್ಲ!

"ಹಾಗಾದರೆ ಆರ್ಟೀಮಿಯಾಕ್ಕೇ ಮೀನೆಣ್ಣೆ ಕುಡಿಸಿ ಆಮೇಲೆ ಮರಿಗೆ ತಿನ್ನಿಸಿದರಾಯಿತು" ಎಂದು ನಿಮ್ಮಲ್ಲಿ ಜಾಣರು ಹೇಳಬಹುದು. ವಿಜ್ಞಾನಿಗಳೂ ಹಾಗೇ ಮಾಡಿನೋಡಿದರು. ಆದರೆ ಆರ್ಟೀಮಿಯಾ ತುಂಬ ಕಿಲಾಡಿ. ತಾನು ನುಂಗಿದ ಡಿಎಚ್‌ಎಯನ್ನು ಒಡೆದು ಬೇರೆ ಆಮ್ಲವಾಗಿ ಮಾರ್ಪಡಿಸಿಬಿಡುತ್ತದೆ. ಉಳಿದದ್ದನ್ನು ಫಾಸ್ಫೋಲಿಪಿಡ್ ರೂಪದಲ್ಲಿಡದೆ ಕೂಡಿಡುವ ಎಣ್ಣೆಯೊಳಗೆ ಸೇರಿಸುತ್ತದೆ. ಕೊಟ್ಟದ್ದೊಂದು, ತಲುಪಿದ್ದು ಇನ್ನೊಂದು. ಈಚಿನ ವರ್ಷಗಳಲ್ಲಿ ಎಣ್ಣೆಯ ಬದಲು ಸಮುದ್ರಜೀವಿಗಳಿಂದ ತೆಗೆದ ಫಾಸ್ಫೋಲಿಪಿಡ್ಡನ್ನೇ ಆರ್ಟೀಮಿಯಾಕ್ಕೆ ಉಣಿಸಿ ನೋಡುವ ಪ್ರಯತ್ನಗಳೂ ನಡೆದಿವೆ.

ಎರಡನೆಯದು ಲೋಹದ ಸಂಗತಿ. ನಮ್ಮ ರಕ್ತ ಕೆಂಪು, ಏಕೆಂದರೆ ಪ್ರಾಣವಾಯು ಹೊರುವ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವಿದೆ. ಆಕ್ಟೋಪಸ್ಸಿನ ರಕ್ತದಲ್ಲಿ ಆ ಕೆಲಸ ಮಾಡುವುದು ತಾಮ್ರವಿರುವ ಹಿಮೋಸಯಾನಿನ್. ರಕ್ತ ನೀಲಿಯಾಗಿರುವುದು ಅದರಿಂದಲೇ. ಏಡಿಯ ರಕ್ತದಲ್ಲೂ ಅದೇ ತಾಮ್ರ. ಆರ್ಟೀಮಿಯಾದ ರಕ್ತದಲ್ಲಿ ಮಾತ್ರ ನಮ್ಮ ಹಾಗೆ ಹಿಮೋಗ್ಲೋಬಿನ್! ಏಡಿಮರಿ ತಿಂದ ಮಗುವಿಗೆ ತನ್ನ ರಕ್ತಕ್ಕೆ ಬೇಕಾದ ಲೋಹ ಊಟದಲ್ಲೇ ಸಿಗುತ್ತದೆ. ನಿಮ್ಮ ಅಜ್ಜಿಯಂದಿರು ರಕ್ತ ಕಡಿಮೆಯಾದವರಿಗೆ ಸೊಪ್ಪು, ರಾಗಿ, ಬೆಲ್ಲ ತಿನ್ನಿ ಎನ್ನುತ್ತಿದ್ದರಲ್ಲ, ಕಾಳಜಿ ಅದೇ, ಲೋಹ ಬೇರೆ.

ಮಗುವನ್ನೇ ಕೇಳಿದರು

ಕಡಲಿನಲ್ಲಿ ಈ ಮಗು ತಾನಾಗಿ ಏನು ತಿನ್ನುತ್ತದೆ? ತಿಳಿಯುವುದು ಹೇಗೆ? ಹೀರಿ ಕುಡಿಯುವ ಮಗುವಿನ ಹೊಟ್ಟೆಯಲ್ಲಿ ಚಿಪ್ಪಿನ ಚೂರು ಸಿಗುವುದೂ ಅಪರೂಪ. 2012ರಲ್ಲಿ ವೀಗೋದ ಆಲ್ವಾರೋ ರೌರಾ ಮತ್ತು ಸಂಗಡಿಗರು ಡಿಎನ್‌ಎ ಪರೀಕ್ಷೆಯ ಮೊರೆ ಹೋದರು. ಕಡಲಿನಿಂದಲೇ ಹಿಡಿದ ಪುಟ್ಟ ಮರಿಗಳ ಕರುಳಿನಲ್ಲಿ ಯಾವ ಯಾವ ಪ್ರಾಣಿಗಳ ಡಿಎನ್‌ಎ ಇದೆ ಎಂದು ಹುಡುಕಿದರು. ಹಲವು ಕುಟುಂಬಗಳ ಏಡಿ, ಸಿಗಡಿ ಜಾತಿಯ ಜೀವಿಗಳು ಸಿಕ್ಕವು, ಮೀನುಮರಿಯ ಗುರುತೂ ಸಿಕ್ಕಿತು. ಸ್ವಾರಸ್ಯವೇನೆಂದರೆ, ಆ ನೀರಿನಲ್ಲಿ ಎಲ್ಲಕ್ಕಿಂತ ಹೇರಳವಾಗಿದ್ದದ್ದು ಕೋಪೆಪಾಡ್ ಎಂಬ ಬೇರೆ ಸೂಕ್ಷ್ಮಜೀವಿ. ಕೈಗೆ ಸಿಕ್ಕಿದ್ದನ್ನು ತಿನ್ನುವುದಾದರೆ ಅದನ್ನೇ ತಿನ್ನಬೇಕಿತ್ತು. ಮಗು ಹಾಗೆ ಮಾಡದೆ, ವಿರಳವಾಗಿದ್ದ ಏಡಿಮರಿಗಳನ್ನೇ ಹುಡುಕಿ ಹುಡುಕಿ ತಿಂದಿತ್ತು. ಹೇಳಿಕೊಡಲು ತಾಯಿಯಿಲ್ಲ, ಆದರೂ ಎಂಥ ವಿವೇಕ!

2017ರಲ್ಲಿ ಅವರೇ ಮತ್ತೊಂದು ಸಂಗತಿಯನ್ನು ಬೆಳಕಿಗೆ ತಂದರು. ನಮ್ಮ ಕರುಳಿನಲ್ಲಿರುವಂತೆ ಆಕ್ಟೋಪಸ್ ಮರಿಯ ಕರುಳಿನಲ್ಲೂ ಬ್ಯಾಕ್ಟೀರಿಯಾಗಳ ಬಳಗವಿದೆ. ಕಡಲಿನ ಮರಿಯಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ. ತೊಟ್ಟಿಯಲ್ಲಿ ಆರ್ಟೀಮಿಯಾ ಒಂದನ್ನೇ ತಿನ್ನಿಸಿ ಸಾಕಿದ ಮರಿಗಳಲ್ಲಿ ಕೆಲವೇ ದಿನಗಳಲ್ಲಿ ಆ ವೈವಿಧ್ಯ ಕುಗ್ಗಿತು. ಊಟ ಒಂದೇ ಬಗೆಯಾದರೆ ಹೊಟ್ಟೆಯೊಳಗಿನ ನೆಂಟರಿಷ್ಟರೂ ಮನೆ ಬಿಡುತ್ತಾರೆ ಎಂದಾಯಿತು.

ಬೇಯಿಸಿದರೆ ಕೆಟ್ಟಿತು!

ಎಲ್ಲ ಆಕ್ಟೋಪಸ್ ಮರಿಗಳೂ ತೇಲಾಡುತ್ತ ಬಾಲ್ಯ ಕಳೆಯುವುದಿಲ್ಲ. ಮೆಕ್ಸಿಕೋದ ಯುಕಟಾನ್ ಕರಾವಳಿಯಲ್ಲಿ 'ಆಕ್ಟೋಪಸ್ ಮಾಯಾ' ಎಂಬ ಜಾತಿಯಿದೆ. ಇದರ ಮೊಟ್ಟೆ ದೊಡ್ಡದು, ಸಂಖ್ಯೆ ಕಡಿಮೆ. ಹುಟ್ಟಿದ ಮರಿಯ ತೂಕ ಸುಮಾರು 100 ಮಿಲಿಗ್ರಾಂ. ನಮ್ಮ ಸಾಸಿವೆ ಕಾಳಿನ ಮರಿಗಿಂತ ಹತ್ತಾರು ಪಟ್ಟು ಭಾರ. ಹುಟ್ಟಿದೊಡನೆ ದೊಡ್ಡವರಂತೆ ತಳದಲ್ಲೇ ಸಂಸಾರ. ಹಾಗೆಂದು ಹೊಟ್ಟೆಯೂ ಹುಟ್ಟುತ್ತಲೇ ಬಲಿತಿರುವುದಿಲ್ಲ. ಮೊದಲ ಹತ್ತು ಹದಿನೈದು ದಿನ ಪಚನ ಗ್ರಂಥಿ ಇನ್ನೂ ಎಳೆಯದು. ಅಷ್ಟರವರೆಗೆ ತಾಯಿಯ ಹಳದಿಯೇ ಆಸರೆ. ನಮ್ಮಲ್ಲಿ ಅನ್ನಪ್ರಾಶನಕ್ಕೆ ಆರು ತಿಂಗಳು ಕಾಯುವುದಿಲ್ಲವೇ, ಹಾಗೆ.

ಯುಕಟಾನಿನ ಸಿಸಾಲ್ ಎಂಬ ಊರಿನಲ್ಲಿ ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ಕೇಂದ್ರವಿದೆ. ಅಲ್ಲಿನ ಕಾರ್ಲೋಸ್ ರೋಸಾಸ್ ಮತ್ತು ಸಂಗಡಿಗರು ಈ ಮರಿಗಳಿಗೆ ಏಡಿ, ಬೊಂಡಾಸ್‌ಗಳ ಮಾಂಸವನ್ನು ಅರೆದು, ಜೆಲಾಟಿನ್ ಸೇರಿಸಿ ಗಟ್ಟಿ ಮಾಡಿ ಉಣಿಸುವ ಪ್ರಯೋಗಗಳನ್ನು ವರ್ಷಗಟ್ಟಲೆ ನಡೆಸಿದರು. ಅದರಲ್ಲಿ ನನ್ನನ್ನು ಬೆರಗುಗೊಳಿಸಿದ ಫಲಿತಾಂಶ ಇದು: ಬಿಸಿ ತಾಗಿಸಿದ, ಬೇಯಿಸಿದ ಮಾಂಸ ಈ ಮರಿಗಳಿಗೆ ಸರಿಯಾಗಿ ಅರಗಲಿಲ್ಲ. ತಣ್ಣಗೆ ಹೆಪ್ಪುಗಟ್ಟಿಸಿ ನೀರು ತೆಗೆದು ಒಣಗಿಸಿದ ಹಸಿಮಾಂಸವಾದರೆ ಒಗ್ಗಿತು. ಶಾಖಕ್ಕೆ ಪ್ರೋಟೀನಿನ ರೂಪ ಬದಲಾಗಿ, ಅದರ ಜೀರ್ಣರಸಗಳ ಕತ್ತರಿಗೆ ಸಿಗದೆ ಹೋಗುತ್ತದೆ. ಬೇಯಿಸಿದರೆ ಬೇಗ ಅರಗುತ್ತದೆ ಎಂದು ಜೀವಮಾನವಿಡೀ ಕುಕ್ಕರ್ ಕೂಗಿಸಿದ ನನ್ನಂಥವರು ಕಲಿಯಬೇಕಾದ ಪಾಠ! ಆಹಾರ ಒಳ್ಳೆಯದೋ ಕೆಟ್ಟದೋ ಎಂದು ತಟ್ಟೆ ನೋಡಿ ಹೇಳಲಾಗದು; ಅದನ್ನು ಉಣ್ಣುವ ಹೊಟ್ಟೆ ಯಾರದು ಎಂದು ಕೇಳಬೇಕು.

ಸಾಕಬೇಕೇ, ಬೇಡವೇ?

ಇಷ್ಟೆಲ್ಲ ಶ್ರಮ ಯಾತಕ್ಕೆ? ಸ್ಪೇನ್, ಇಟಲಿ, ಜಪಾನ್, ಕೊರಿಯಾಗಳಲ್ಲಿ ಆಕ್ಟೋಪಸ್ ಬೇಡಿಕೆಯ ಆಹಾರ. ಕಡಲಿನಿಂದ ಹಿಡಿಯುವುದಕ್ಕೆ ಮಿತಿಯಿದೆ. ಆದ್ದರಿಂದ ಕೋಳಿಯಂತೆ ಸಾಕಬಹುದೇ ಎಂಬ ಯೋಚನೆ. 2019ರಲ್ಲಿ ಸ್ಪೇನಿನ ನುಯೆವಾ ಪೆಸ್ಕನೋವಾ ಕಂಪೆನಿ ತಾನು ಆಕ್ಟೋಪಸ್ಸನ್ನು ತೊಟ್ಟಿಯಲ್ಲೇ ತಲೆಮಾರು ದಾಟಿಸಿರುವುದಾಗಿ ಪ್ರಕಟಿಸಿತು. ಬಳಿಕ ಕೆನರಿ ದ್ವೀಪಗಳಲ್ಲಿ ದೊಡ್ಡ ಸಾಕಣೆ ಕೇಂದ್ರದ ಯೋಜನೆಯನ್ನೂ ಮುಂದಿಟ್ಟಿತು.

ವಿರೋಧವೂ ಅಷ್ಟೇ ಬಲವಾಗಿ ಎದ್ದಿತು. ಒಗಟು ಬಿಡಿಸುವ, ಮುಚ್ಚಳ ತಿರುಗಿಸಿ ತೆಗೆಯುವ, ಒಂಟಿಯಾಗಿರಲು ಬಯಸುವ ಪ್ರಾಣಿಯನ್ನು ತೊಟ್ಟಿಯಲ್ಲಿ ಗುಂಪಾಗಿ ಕೂಡಿಹಾಕುವುದು ನ್ಯಾಯವೇ ಎಂದು ಕೇಳಿದರು. ಆಕ್ಟೋಪಸ್ಸಿಗೆ ನೋವಿನ ಅರಿವಿದೆ ಎಂಬುದನ್ನು ಬ್ರಿಟನ್ 2022ರ ತನ್ನ ಪ್ರಾಣಿ ಕಲ್ಯಾಣ ಕಾನೂನಿನಲ್ಲಿ ಒಪ್ಪಿಕೊಂಡಿತು. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು ಆಕ್ಟೋಪಸ್ ಸಾಕಣೆಯನ್ನೇ ನಿಷೇಧಿಸಿದವು. ವಿರೋಧಿಗಳ ಇನ್ನೊಂದು ವಾದ ಊಟದ್ದೇ. ಆಕ್ಟೋಪಸ್ ಮಾಂಸಾಹಾರಿ, ತನ್ನ ತೂಕದ ಸುಮಾರು ಮೂರರಷ್ಟು ಆಹಾರ ತಿಂದು ಬೆಳೆಯುತ್ತದೆ. ಒಂದನ್ನು ಸಾಕಲು ಕಡಲಿನಿಂದ ಮೂರರಷ್ಟು ತೆಗೆದರೆ ಕಡಲಿಗೆ ಉಳಿದದ್ದೇನು?

ನಮ್ಮ ಓದುಗರಲ್ಲಿ ಶುದ್ಧ ಸಸ್ಯಾಹಾರಿಗಳೂ ಇದ್ದಾರೆ, ಮೀನಿಲ್ಲದೆ ತುತ್ತಿಳಿಯದವರೂ ಇದ್ದಾರೆ. ಯಾರ ತಟ್ಟೆಯಲ್ಲಿ ಏನಿರಬೇಕೆಂದು ಹೇಳಲು ನಾನು ಹೊರಟಿಲ್ಲ. ನನಗನ್ನಿಸುವುದು ಇಷ್ಟು: ತನಗೆ ಬೇಕಾದದ್ದನ್ನು ಇಷ್ಟು ಖಚಿತವಾಗಿ ಬಲ್ಲ ಜೀವವೊಂದನ್ನು ಸಾಕಲು ಹೊರಟವರು, ಮೊದಲು ಅದರ ಮಾತು ಕೇಳಿಸಿಕೊಳ್ಳುವ ಸಹನೆ ತೋರಬೇಕು. ಊಟದ ವಿಷಯದಲ್ಲಿ ಅದರ ಮಾತು ಕೇಳಿಸಿಕೊಳ್ಳಲು ಅವರಿಗೆ ದಶಕಗಳೇ ಬೇಕಾದವು. ಇಕ್ಕಟ್ಟಿನ ತೊಟ್ಟಿಯ ಬಗ್ಗೆ ಅದು ಏನು ಹೇಳುತ್ತಿದೆಯೋ, ಅದನ್ನು ಕೇಳಿಸಿಕೊಳ್ಳುವ ಮೊದಲೇ ಕಾರ್ಖಾನೆ ಕಟ್ಟುವುದು ತರವಲ್ಲ.

ನಿಮ್ಮ ತಟ್ಟೆಯ ಮಾತು

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನೀವು ಮನೆಯಲ್ಲಿ ಕೇಳಿರುತ್ತೀರಿ. ಅದು 'ಊಟ ಮಾಡುವವನಿಗೆ' ಎನ್ನುವುದಿಲ್ಲ, 'ಊಟ ಬಲ್ಲವನಿಗೆ' ಎನ್ನುತ್ತದೆ. ಎರಡಕ್ಕೂ ಎಷ್ಟು ಅಂತರ ನೋಡಿ! ನಮ್ಮ ಭಾಷೆಯಲ್ಲಿ ಇನ್ನೂ ಒಂದು ಸೊಗಸಾದ ಮಾತಿದೆ, ಮೈಗೆ ಹತ್ತುವುದು. "ಎಷ್ಟು ತಿಂದರೂ ಈ ಮಗುವಿನ ಮೈಗೆ ಹತ್ತುವುದಿಲ್ಲ" ಎಂದು ಅಜ್ಜಿಯರು ಕೊರಗುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ಒಂದೇ ಮಾತಿನಲ್ಲಿ ಹೇಳಲು ಪ್ರಯತ್ನಿಸಿ, ಸೋಲುತ್ತೀರಿ. ತಿನ್ನುವುದು, ಅರಗುವುದು, ಮೈಗೆ ಹತ್ತುವುದು ಮೂರೂ ಬೇರೆ ಬೇರೆ ಎಂಬ ತಿಳಿವಳಿಕೆ ಆ ಎರಡು ಶಬ್ದಗಳಲ್ಲಿದೆ. ತೊಟ್ಟಿಯ ಆಕ್ಟೋಪಸ್ ಮರಿಗಳು ಮೊದಲನೆಯದನ್ನು ಗೆದ್ದವು, ಎರಡನೆಯದರಲ್ಲಿ ತಿಣುಕಿದವು, ಮೂರನೆಯದರಲ್ಲಿ ಸೋತು ಸತ್ತವು.

ಆಕ್ಟೋಪಸ್ಸಿನ ಪಥ್ಯವನ್ನು ನಿಮ್ಮ ತಟ್ಟೆಗೆ ಬಡಿಸುತ್ತಿಲ್ಲ, ಹೆದರಬೇಡಿ! ಅದರ ದೇಹ ಬೇರೆ, ನಮ್ಮದು ಬೇರೆ. ಒಂದು ಎಳೆಮರಿಗೆ ಏಡಿ ಅಮೃತವಾದರೆ ನಿಮಗೂ ಹಾಗೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಪ್ರಶ್ನೆ ಕೇಳುವ ಕ್ರಮವನ್ನು ಅದರಿಂದ ಕಲಿಯಬಹುದು. ಮನೆ ಬಿಟ್ಟು ಪಿ.ಜಿ.ಯಲ್ಲೋ ಹಾಸ್ಟೆಲಿನಲ್ಲೋ ಇರುವ ನೀವು ತಾಯಿಗೆ ಫೋನಿನಲ್ಲಿ "ಊಟ ಆಯಿತು" ಎನ್ನುತ್ತೀರಿ. ಆಯಿತು ಸರಿ, ಏನು ಆಯಿತು? ವಾರದಲ್ಲಿ ಎಷ್ಟು ದಿನ ಒಂದೇ ಪೊಟ್ಟಣ? ತರಕಾರಿ, ಬೇಳೆ, ಮೊಸರು, ಹಣ್ಣು ಎಷ್ಟು ದಿನ? ಹೊಟ್ಟೆ ತುಂಬಿತೆಂಬುದು ಪೂರ್ತಿ ಉತ್ತರವಲ್ಲ. ಆರ್ಟೀಮಿಯಾ ತಿಂದ ಮರಿಯ ಹೊಟ್ಟೆಯೂ ತುಂಬಿತ್ತು.

ಆ ಮರಿಗೆ ತುತ್ತಿಡುವ ತಾಯಿ ಬದುಕಿರಲಿಲ್ಲ. ನಿಮಗೆ ಇದ್ದಾರೆ, ಅಜ್ಜಿಯರೂ ಚಿಕ್ಕಮ್ಮಂದಿರೂ ಇದ್ದಾರೆ. ಅವರ ಅಡುಗೆಯಲ್ಲಿ ಎರಡನ್ನಾದರೂ ಕೈಯಾರೆ ಮಾಡಲು ಕಲಿಯಿರಿ, ಹುಡುಗರೂ ಕಲಿಯಿರಿ. ಬಸ್ಸಾರು, ಜೋಳದ ರೊಟ್ಟಿ, ಗಂಜಿ ಚಟ್ನಿ, ಯಾವುದಾದರೂ ಸರಿ. ಕಲಿತದ್ದನ್ನು ನಾಲ್ಕು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಸಂಘದ ಕಚೇರಿಗೆ ಕಳಿಸಿ. ಒತ್ತಕ್ಷರ ತಪ್ಪಿದರೆ ಚಿಂತೆಯಿಲ್ಲ, ತಿದ್ದಿಕೊಳ್ಳೋಣ. ಉಪ್ಪು ಮಾತ್ರ ಸರಿಯಾಗಿರಲಿ!

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.

ನಿಮ್ಮ ಪ್ರೀತಿಯ
ಚಿಕ್ಕಮ್ಮ